ಯುವಕರ ಸಂಘದಲ್ಲಿ ದಿನಾ ರಾತ್ರಿ ಒಟ್ಟಿಗೆ ಅಡುಗೆ, ಒಟ್ಟಿಗೆ ಊಟ: ನಡೆಸಿ ಅನುಭವ ಇರುವವರು ಹೇಳಿ

ಹೆಬ್ಬಾಳದ ಹುಡುಗ, ಮೈಸೂರು:

ಎಲ್ಲರಿಗೂ ನಮಸ್ಕಾರ. ಮೈಸೂರಿನ ಹೆಬ್ಬಾಳ ಕೈಗಾರಿಕಾ ಪ್ರದೇಶದ ಪಕ್ಕದ ಬಡಾವಣೆ ನಮ್ಮದು. ಇಲ್ಲಿ ನಮ್ಮದೊಂದು ಯುವಕರ ಸಂಘ ಇದೆ, ನೋಂದಣಿ ಆಗಿದೆ. ಗಣೇಶ, ರಾಜ್ಯೋತ್ಸವ, ಅಂಬೇಡ್ಕರ್ ಜಯಂತಿ, ರಕ್ತದಾನ ಶಿಬಿರ, ಇಷ್ಟು ಪ್ರತಿವರ್ಷ ನಡೆಯುತ್ತವೆ. ಗಣೇಶನ ಹಬ್ಬದ ಅನ್ನಸಂತರ್ಪಣೆಗೆ ಅಂತ ಒಂದೊಂದೇ ಪಾತ್ರೆ ಕೂಡಿಸಿಕೊಂಡು ಬಂದು ಈಗ ಸಂಘದ ಹಿಂದಿನ ಕೋಣೆಯಲ್ಲಿ ಎರಡು ದೊಡ್ಡ ಗ್ಯಾಸ್ ಒಲೆ, ಕೊಪ್ಪರಿಗೆ, ದಬರಿಗಳು, ಸೌಟುಗಳು, ನೂರಕ್ಕೂ ಜಾಸ್ತಿ ಸ್ಟೀಲ್ ತಟ್ಟೆ ಇವೆ. ಹಬ್ಬ ಮುಗಿದರೆ ವರ್ಷವಿಡೀ ಅದಕ್ಕೆ ಬೀಗ.

ಅದೇ ಬೀದಿಯಲ್ಲಿ ರಾತ್ರಿ ಹೊತ್ತು ನೋಡಿದರೆ ಬೇಜಾರಾಗುತ್ತದೆ. ಎಚ್.ಡಿ. ಕೋಟೆ, ನಂಜನಗೂಡು, ಗುಂಡ್ಲುಪೇಟೆ ಕಡೆಯಿಂದ ಫ್ಯಾಕ್ಟರಿ ಕೆಲಸಕ್ಕೆ ಬಂದ ಹುಡುಗರು ಒಂದೊಂದು ರೂಮಿನಲ್ಲಿ ಮೂರು ನಾಲ್ಕು ಜನ ಇದ್ದಾರೆ. ಡ್ಯೂಟಿ ಮುಗಿಸಿ ಬಂದು ಅಡುಗೆ ಮಾಡುವಷ್ಟು ಶಕ್ತಿ ಯಾರಿಗಿರುತ್ತದೆ? ಗಾಡಿಯಲ್ಲಿ ಎಗ್ ರೈಸ್ ತಿಂದು ಮಲಗುತ್ತಾರೆ. ಕೆಎಎಸ್, ಪಿಎಸ್ಐ ಪರೀಕ್ಷೆಗೆ ಓದುವವರದ್ದೂ ಅದೇ ಕಥೆ. ಇನ್ನು ಮಕ್ಕಳು ದೂರದ ಊರಲ್ಲಿರುವ ಅಜ್ಜ ಅಜ್ಜಿಯರು ಬೆಳಗ್ಗೆ ಮಾಡಿದ್ದನ್ನೇ ರಾತ್ರಿಗೂ ಇಟ್ಟುಕೊಂಡು ಉಣ್ಣುತ್ತಾರೆ.

ಇಷ್ಟೆಲ್ಲ ಪಾತ್ರೆ ಇದೆ, ಜಾಗ ಇದೆ, ಹುಡುಗರಿದ್ದಾರೆ, ರಾತ್ರಿ ಊಟ ಒಂದನ್ನು ಒಟ್ಟಿಗೆ ಮಾಡಿಕೊಳ್ಳೋಣ ಅಂತ ಸಂಘದಲ್ಲಿ ಮಾತು ಎತ್ತಿದೆ. ಪುಕ್ಕಟೆ ಊಟ ಅಲ್ಲ, ಹೋಟೆಲ್ಲೂ ಅಲ್ಲ. ಉಣ್ಣುವವರು ತಿಂಗಳಿಗೆ ಪಾಲು ಕೊಡಬೇಕು, ಸರದಿ ಮೇಲೆ ಕೆಲಸ ಮಾಡಬೇಕು. ನಲವತ್ತು ಜನ ಬರುತ್ತೇವೆ ಅಂದಿದ್ದಾರೆ. ನಿಜವಾಗಿ ನಡೆಸಿದವರು ಹೇಳಿ: ದುಡ್ಡಿನ ಲೆಕ್ಕ ಹೇಗೆ ಇಡುತ್ತೀರಿ, ಅಡುಗೆಗೆ ಸಂಬಳದವರನ್ನು ಇಡಬೇಕಾ ನಾವೇ ಮಾಡಬೇಕಾ, ಪರವಾನಗಿ ಬೇಕಾ, ಇಂಥದ್ದು ಸಾಮಾನ್ಯವಾಗಿ ಯಾವ ಕಾರಣಕ್ಕೆ ನಿಂತುಹೋಗುತ್ತದೆ? ಕೊನೆಯ ಪ್ರಶ್ನೆಗೆ ದಯವಿಟ್ಟು ಬಿಚ್ಚು ಮನಸ್ಸಿನಿಂದ ಉತ್ತರ ಕೊಡಿ.


ಖಜಾಂಚಿ, ತುಮಕೂರು:

ನಿಮ್ಮ ಕೊನೆಯ ಪ್ರಶ್ನೆಯಿಂದಲೇ ಶುರು ಮಾಡುತ್ತೇನೆ. ಎಲ್ಲರೂ ದುಡ್ಡಿನ ಬಗ್ಗೆ, ಅಡುಗೆಯವರ ಬಗ್ಗೆ ತಲೆ ಕೆಡಿಸಿಕೊಳ್ಳುತ್ತಾರೆ. ಆದರೆ ಇಂಥ ಅಡುಗೆಮನೆ ನಿಂತುಹೋಗುವುದು ಪಾತ್ರೆ ತೊಳೆಯುವ ಕಟ್ಟೆಯಲ್ಲಿ. ಅಡುಗೆ ಮಾಡಲು ಹುರುಪು ಇರುವವರು ಸಿಗುತ್ತಾರೆ, ಬಡಿಸಲು ಇನ್ನೂ ಜಾಸ್ತಿ ಜನ ಸಿಗುತ್ತಾರೆ, ಊಟ ಆದ ಮೇಲೆ ಹತ್ತೂವರೆ ಗಂಟೆಗೆ ತಳ ಹಿಡಿದ ಮುದ್ದೆ ಪಾತ್ರೆ ಮುಂದೆ ಕೂರುವವರು ಮಾತ್ರ ದಿನಾ ಅದೇ ಇಬ್ಬರೇ ಆಗುತ್ತಾರೆ. ಆ ಇಬ್ಬರು ಒಂದು ದಿನ ಬರುವುದನ್ನು ಬಿಡುತ್ತಾರೆ. ಅಲ್ಲಿಗೆ ಮುಗಿಯಿತು.

ಅದಕ್ಕೆ ನಮ್ಮಲ್ಲಿ ಸರದಿ ಪಟ್ಟಿ ಮಾಡುವಾಗ ಮೊದಲು ಬರೆಯುವುದು ತೊಳೆಯುವವರ ಹೆಸರು, ಆಮೇಲೆ ಅಡುಗೆಯವರದ್ದು. ಅಧ್ಯಕ್ಷರಿಗೂ ಸರದಿ ಇದೆ, ನನಗೂ ಇದೆ. ದುಡ್ಡು ಜಾಸ್ತಿ ಕೊಡುತ್ತೇನೆ, ತೊಳೆಯುವ ಸರದಿ ಬೇಡ ಅನ್ನುವುದಕ್ಕೆ ಅವಕಾಶವೇ ಇಲ್ಲ. ವಯಸ್ಸಾದವರಿಗೆ, ಹುಷಾರಿಲ್ಲದವರಿಗೆ ಬೇರೆ ಕೆಲಸ: ತರಕಾರಿ ಹೆಚ್ಚುವುದು, ಕಾಳು ಆರಿಸುವುದು, ತಟ್ಟೆ ಎಣಿಸುವುದು. ತಟ್ಟೆ ಲೋಟ ಅವರವರೇ ತೊಳೆಯಬೇಕು. ಕಟ್ಟೆಯ ಪಕ್ಕ ಮೂರು ಟಬ್ ಇಡಿ. ಮೊದಲನೆಯದರಲ್ಲಿ ಎಂಜಲು ಜಾಲಿಸುವುದು, ಎರಡನೆಯದರಲ್ಲಿ ಸೋಪು, ಮೂರನೆಯದರಲ್ಲಿ ಬರೀ ನೀರು. ಮೂರನೆಯ ಟಬ್ಬಿನ ನೀರು ಮಬ್ಬಾದ ತಕ್ಷಣ ಬದಲಾಯಿಸಬೇಕು, ಇಲ್ಲವಾದರೆ ತೊಳೆದೂ ಪ್ರಯೋಜನ ಇಲ್ಲ. ಮುದ್ದೆ ಬಡಿಸಿದ ಕೂಡಲೇ ಆ ಪಾತ್ರೆಗೆ ನೀರು ತುಂಬಿಬಿಡಿ. ಊಟ ಮುಗಿಯುವ ಹೊತ್ತಿಗೆ ಅಂಟಿದ ಹಿಟ್ಟು ತಾನೇ ಬಿಟ್ಟುಕೊಳ್ಳುತ್ತದೆ, ಉಜ್ಜುವವರ ಕೈ ಉಳಿಯುತ್ತದೆ.

ಲೆಕ್ಕಕ್ಕೆ ಬರೋಣ. ಹಾಸ್ಟೆಲ್ಲಿನಲ್ಲಿ ಓದಿದವರಿಗೆ ಡಿವೈಡಿಂಗ್ ಸಿಸ್ಟಂ ಗೊತ್ತಿರುತ್ತದೆ, ನಮ್ಮದೂ ಅದೇ. ತಿಂಗಳ ಮೊದಲೇ ಎಲ್ಲರೂ ಒಂದೇ ಮೊತ್ತದ ಮುಂಗಡ ಕೊಡುತ್ತಾರೆ. ದಿನಾ ಎಷ್ಟು ತಟ್ಟೆ ಬಿದ್ದವು ಅಂತ ಪುಸ್ತಕದಲ್ಲಿ ಬರೆಯುತ್ತೇವೆ. ತಿಂಗಳ ಕೊನೆಗೆ ದಿನಸಿ, ತರಕಾರಿ, ಗ್ಯಾಸ್, ಸೋಪು ಎಲ್ಲ ಸೇರಿ ಆದ ಖರ್ಚನ್ನು ಒಟ್ಟು ತಟ್ಟೆಗಳಿಂದ ಭಾಗಿಸಿದರೆ ಒಂದು ಊಟದ ದರ ಬರುತ್ತದೆ. ಯಾರು ಎಷ್ಟು ದಿನ ಉಂಡರೋ ಅಷ್ಟು ಕಳೆದು ಉಳಿದದ್ದು ಮುಂದಿನ ತಿಂಗಳಿಗೆ. ಆ ಹಾಳೆಯನ್ನು ಗೋಡೆಗೆ ಅಂಟಿಸುತ್ತೇವೆ, ಬಿಲ್ಲುಗಳ ಸಮೇತ. ಯಾರೂ ಕೇಳುವ ಮೊದಲೇ ಗೋಡೆ ಮೇಲೆ ಇರಬೇಕು, ಅದು ಮುಖ್ಯ.

ಇವತ್ತು ಊಟಕ್ಕೆ ಇದ್ದೀರಾ ಇಲ್ವಾ ಅಂತ ಮಧ್ಯಾಹ್ನ ಎರಡು ಗಂಟೆಯೊಳಗೆ ವಾಟ್ಸಾಪ್ ಗುಂಪಿನಲ್ಲಿ ಹೇಳಬೇಕು. ಹೇಳದೆ ತಪ್ಪಿಸಿಕೊಂಡರೂ ತಟ್ಟೆ ಲೆಕ್ಕಕ್ಕೆ ಬೀಳುತ್ತದೆ. ಮೊದಲ ತಿಂಗಳು ಗೊಣಗಾಟ ಇರುತ್ತದೆ, ಸಡಿಲ ಬಿಡಬೇಡಿ. ಫೋನ್ ಬಳಸದ ಹಿರಿಯರಿಗೆ ಅಂತ ಒಬ್ಬ ಹುಡುಗ ಮನೆ ಮನೆಗೆ ಹೋಗಿ ಕೇಳಿಕೊಂಡು ಬರಲಿ. ಅವರಿಗೆ ಅದರಿಂದ ಎಷ್ಟು ಖುಷಿ ಆಗುತ್ತದೆ ಅಂತ ನೀವೇ ನೋಡುತ್ತೀರಿ.

ಇನ್ನೊಂದು. ಗಣೇಶನ ಚಂದಾ ದುಡ್ಡಿಗೂ ಅಡುಗೆಮನೆ ದುಡ್ಡಿಗೂ ಸಂಬಂಧ ಇರಕೂಡದು. ಬೇರೆ ಬ್ಯಾಂಕ್ ಖಾತೆ, ಇಬ್ಬರ ಸಹಿ. ಹಬ್ಬದ ದುಡ್ಡಲ್ಲಿ ಅಕ್ಕಿ ತಂದರಂತೆ ಅನ್ನುವ ಒಂದು ಗಾಳಿಮಾತು ಸಾಕು ಸಂಘ ಎರಡು ಹೋಳಾಗಲು.


ಅಡುಗೆ ಕೆಲಸದವನು, ಹಾಸನ:

ನಾನು ಮದುವೆ, ಗೃಹಪ್ರವೇಶ, ಊರ ಹಬ್ಬಗಳಿಗೆ ಅಡುಗೆ ಮಾಡುವವನು. ಅಳತೆ ಮತ್ತು ಕೆಡುವ ವಿಷಯ ಮಾತ್ರ ಹೇಳುತ್ತೇನೆ, ಉಳಿದದ್ದನ್ನು ಖಜಾಂಚಿ ಸಾಹೇಬರು ಚೆನ್ನಾಗಿ ಹೇಳಿದ್ದಾರೆ.

ಹಬ್ಬದ ಅಳತೆ ಬೇರೆ, ದಿನದ ಅಳತೆ ಬೇರೆ. ನಲವತ್ತು ಜನಕ್ಕೆ ಮುದ್ದೆ ಇದ್ದ ದಿನ ತಲೆಗೆ 100 ಗ್ರಾಂ ಹಿಟ್ಟು, ಅಂದರೆ 4 ಕೆಜಿ. ಅದರ ಜೊತೆಗೆ ಅನ್ನಕ್ಕೆ ಎರಡೂವರೆ ಕೆಜಿ ಅಕ್ಕಿ ಸಾಕು. ಬರೀ ಅನ್ನ ಸಾರು ಪಲ್ಯದ ದಿನ 5 ಕೆಜಿ ಅಕ್ಕಿ ಇಡಿ, ಫ್ಯಾಕ್ಟರಿ ಹುಡುಗರು ಜಾಸ್ತಿ ಇದ್ದರೆ ಇನ್ನೊಂದು ಕೆಜಿ. ಬೇಳೆಗೆ ಶಾಲೆಯ ಬಿಸಿಯೂಟದ ಲೆಕ್ಕ ಇಟ್ಟುಕೊಳ್ಳಿ. ಆರರಿಂದ ಎಂಟನೇ ತರಗತಿ ಮಕ್ಕಳಿಗೆ ತಲೆಗೆ 30 ಗ್ರಾಂ ಬೇಳೆ, 75 ಗ್ರಾಂ ತರಕಾರಿ ಅಂತ ಅಲ್ಲಿ ನಿಗದಿ ಇದೆ. ಬೇಳೆ ದೊಡ್ಡವರಿಗೂ ಅಷ್ಟೇ ಸಾಕು, ತರಕಾರಿ ನೂರು ಗ್ರಾಂ ಮಾಡಿ. ಒಂದು ವಾರ ಮಿಕ್ಕಿದ್ದನ್ನು ತೂಗಿ ಬರೆದಿಟ್ಟರೆ ನಿಮ್ಮ ಬೀದಿಯ ಅಳತೆ ನಿಮಗೇ ಸಿಗುತ್ತದೆ.

ನಾಲ್ಕು ಕೆಜಿ ಹಿಟ್ಟನ್ನು ಒಂದೇ ಪಾತ್ರೆಯಲ್ಲಿ ತಿರುವಲು ಹೋಗಬೇಡಿ. ಅಭ್ಯಾಸ ಇಲ್ಲದ ಕೈಗೆ ಅದು ಬಗ್ಗುವುದಿಲ್ಲ, ಗಂಟು ಉಳಿಯುತ್ತದೆ, ಪಾತ್ರೆ ಅಲುಗಿ ಕಾಲ ಮೇಲೆ ಬೀಳುವ ಅಪಾಯವೂ ಇದೆ. ಎರಡು ಪಾತ್ರೆ ಮಾಡಿ. ಒಬ್ಬರು ಕೋಲು ಹಿಡಿದರೆ ಇನ್ನೊಬ್ಬರು ಕವೆಗೋಲಿನಿಂದ ಪಾತ್ರೆ ಅದುಮಿ ಹಿಡಿಯಬೇಕು. ಖಾರ ಮತ್ತು ಒಗ್ಗರಣೆಯನ್ನು ಮನೆ ಅಳತೆಯ ಹತ್ತು ಪಟ್ಟು ಹಾಕಬೇಡಿ, ಏಳು ಪಟ್ಟಿಗೆ ನಿಲ್ಲಿಸಿ ರುಚಿ ನೋಡಿ ಆಮೇಲೆ ಬೇಕಾದರೆ ಸೇರಿಸಿ.

ಈಗ ಅನ್ನದ ವಿಷಯ, ಇದನ್ನು ಎಲ್ಲರೂ ಓದಿ. ದೊಡ್ಡ ಪಾತ್ರೆಯ ಅನ್ನ ಮೇಲೆ ಆರಿದ ಹಾಗೆ ಕಂಡರೂ ನಡುವೆ ಗಂಟೆಗಟ್ಟಲೆ ಬೆಚ್ಚಗೇ ಇರುತ್ತದೆ. ಆ ಉಗುರು ಬೆಚ್ಚಗಿನ ಶಾಖವೇ ಕೆಟ್ಟದ್ದು. 5 ಡಿಗ್ರಿಯಿಂದ 60 ಡಿಗ್ರಿ ಒಳಗೆ ರೋಗಾಣು ಬೆಳೆಯುತ್ತವೆ. ಅಕ್ಕಿಯಲ್ಲಿ ಬ್ಯಾಸಿಲಸ್ ಸೀರಿಯಸ್ ಅನ್ನುವ ಒಂದು ಜೀವಿ ಇರುತ್ತದೆ, ಅದರ ಬೀಜಕಣ ಕುದಿಸಿದರೂ ಸಾಯುವುದಿಲ್ಲ. ಅನ್ನ ಹೊರಗೆ ಕೂತರೆ ಅದು ವಿಷ ಬಿಡುತ್ತದೆ. ಮತ್ತೆ ಬಿಸಿ ಮಾಡಿದರೆ ಜೀವಿ ಸಾಯಬಹುದು, ವಿಷ ಹೋಗುವುದಿಲ್ಲ. ಮನೆಯಲ್ಲಿ ರಾತ್ರಿ ಅನ್ನಕ್ಕೆ ಬೆಳಗ್ಗೆ ಚಿತ್ರಾನ್ನ ಮಾಡುತ್ತೇವೆ ಅಲ್ವಾ, ಸಂಘದಲ್ಲಿ ಅದು ಬೇಡವೇ ಬೇಡ. ಮನೆಯಲ್ಲಿ ಕೆಟ್ಟರೆ ನಾಲ್ಕು ಜನ, ಇಲ್ಲಿ ನಲವತ್ತು ಜನ. ಊಟಕ್ಕೆ ಸರಿಯಾಗಿ ಬೇಯಿಸಿ, ಬಿಸಿ ಇದ್ದಾಗಲೇ ಬಡಿಸಿ. ಮಿಕ್ಕಿದರೆ ಅವತ್ತೇ ರಾತ್ರಿ ಯಾರಿಗಾದರೂ ಕೊಟ್ಟುಬಿಡಿ.

ಅಡುಗೆಗೆ ಸಂಬಳದವರು ಬೇಕಾ ಅಂತ ಕೇಳಿದ್ದೀರಿ. ದಿನಾ ನಡೆಸುವುದಾದರೆ ಒಬ್ಬರು ಬೇಕು. ಮಸಾಲೆ, ಉಪ್ಪು, ಒಲೆ ಒಬ್ಬರ ಕೈಯಲ್ಲಿದ್ದರೆ ರುಚಿ ನಿಲ್ಲುತ್ತದೆ. ಸರದಿಯವರು ಅವರ ಕೈ ಕೆಳಗೆ ಕೆಲಸ ಮಾಡಲಿ. ಆದರೆ ಸಂಬಳ ಸರಿಯಾಗಿ, ತಾರೀಕಿಗೆ ಸರಿಯಾಗಿ ಕೊಡಿ. ಸಂಘದ ಕೆಲಸ, ಪುಣ್ಯದ ಕೆಲಸ ಅಂತ ಅಡುಗೆಯವರ ಕೂಲಿಯಲ್ಲಿ ಉಳಿಸುವುದನ್ನು ನಾನು ತುಂಬಾ ಕಡೆ ಕಂಡಿದ್ದೇನೆ, ಅದು ಅನ್ಯಾಯ.


ಕಚೇರಿ ಕಾಗದ ಬಲ್ಲವನು, ಬೆಂಗಳೂರು:

ಪರವಾನಗಿ ಬಗ್ಗೆ. ದುಡ್ಡು ತೆಗೆದುಕೊಳ್ಳಿ, ಬಿಡಿ, ದಿನಾ ಜನಕ್ಕೆ ಅಡುಗೆ ಮಾಡಿ ಹಂಚುವುದಾದರೆ 2006ರ ಆಹಾರ ಸುರಕ್ಷತೆ ಕಾಯ್ದೆಯ ಕೆಳಗೆ ಎಫ್ಎಸ್ಎಸ್ಎಐ (ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ) ನೋಂದಣಿ ಮಾಡಿಸಿಕೊಳ್ಳಿ. ಸಣ್ಣ ಪ್ರಮಾಣದವರಿಗೆ ಪೂರ್ತಿ ಲೈಸೆನ್ಸ್ ಬೇಡ, ಬರೀ ನೋಂದಣಿ ಸಾಕು. ನಾವು ಮಾಡಿಸಿದಾಗ ವರ್ಷಕ್ಕೆ 100 ರೂಪಾಯಿ ಶುಲ್ಕ ಇತ್ತು. ಆನ್‌ಲೈನ್‌ನಲ್ಲೇ ಆಗುತ್ತದೆ, ಏಜೆಂಟರಿಗೆ ಸಾವಿರಗಟ್ಟಲೆ ಕೊಡುವ ಅಗತ್ಯ ಇಲ್ಲ. ಅಡುಗೆ ಮಾಡುವವರಿಗೆ ವರ್ಷಕ್ಕೊಮ್ಮೆ ಆರೋಗ್ಯ ತಪಾಸಣೆ, ಬೋರ್‌ವೆಲ್ ಅಥವಾ ಟ್ಯಾಂಕ್ ನೀರಿದ್ದರೆ ನೀರಿನ ಪರೀಕ್ಷೆ, ಇವೆರಡರ ಕಾಗದ ಫೈಲಿನಲ್ಲಿ ಇರಲಿ.

ಸಂಘ 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯ ಕೆಳಗೆ ಬರುತ್ತದೆ ಅಂದುಕೊಳ್ಳುತ್ತೇನೆ. ಬೈಲಾ, ಅಂದರೆ ಸಂಘದ ನಿಯಮಾವಳಿ ತೆಗೆದು ಉದ್ದೇಶಗಳ ಪಟ್ಟಿ ಓದಿ. ಕ್ರೀಡೆ, ಸಾಂಸ್ಕೃತಿಕ ಚಟುವಟಿಕೆ ಅಂತ ಮಾತ್ರ ಇದ್ದರೆ ಸರ್ವಸದಸ್ಯರ ಸಭೆ ಕರೆದು ಊಟದ ವ್ಯವಸ್ಥೆಯನ್ನೂ ಸೇರಿಸಿ. ವರ್ಷವರ್ಷ ಸಮಿತಿಯ ಪಟ್ಟಿ, ಲೆಕ್ಕಪತ್ರ ರಿಜಿಸ್ಟ್ರಾರ್ ಕಚೇರಿಗೆ ಸಲ್ಲಿಸುವುದನ್ನು ಎಷ್ಟೋ ಸಂಘಗಳು ಮರೆತೇ ಬಿಟ್ಟಿರುತ್ತವೆ. ಅಡುಗೆಮನೆ ಶುರು ಮಾಡುವ ಮೊದಲು ಬಾಕಿ ಎಲ್ಲ ಸರಿ ಮಾಡಿಕೊಳ್ಳಿ. ಕಟ್ಟಡ ಪಾಲಿಕೆಯದ್ದಾದರೆ ಬಾಯಿಮಾತಿನ ಒಪ್ಪಿಗೆ ಸಾಲದು, ಕಾಗದ ಬೇಕು.

ಗ್ಯಾಸ್ ವಿಷಯದಲ್ಲಿ ಸದಸ್ಯರ ಮನೆಯ 14.2 ಕೆಜಿ ಕೆಂಪು ಸಿಲಿಂಡರ್ ತಂದು ಜೋಡಿಸುವ ಅಭ್ಯಾಸ ಎಲ್ಲ ಕಡೆ ಇದೆ. ಅದು ನಿಯಮಕ್ಕೆ ವಿರುದ್ಧ. ಸಂಘದ ಹೆಸರಲ್ಲಿ 19 ಕೆಜಿ ಸಿಲಿಂಡರಿನ ಸಂಪರ್ಕ ತೆಗೆದುಕೊಳ್ಳಿ. ಅಡುಗೆ ಅನಿಲ ಗಾಳಿಗಿಂತ ಭಾರ, ಸೋರಿದರೆ ನೆಲದ ಮೇಲೆ ಹರಡಿ ತಗ್ಗಿನಲ್ಲಿ ಕೂರುತ್ತದೆ. ಹಾಗಾಗಿ ಮೇಲೆ ಕಿಟಕಿ ಇದ್ದರೆ ಸಾಲದು, ನೆಲಮಟ್ಟದಲ್ಲಿ ಜಾಲರಿ ಬೇಕು. ಸಿಲಿಂಡರ್ ಹೊರಗಿಟ್ಟು ಪೈಪ್ ಒಳಗೆ ತರುವುದು ಇನ್ನೂ ಒಳ್ಳೆಯದು.

ಪಡಿತರ ಅಕ್ಕಿ ಬಗ್ಗೆಯೂ ಹೇಳಿಬಿಡುತ್ತೇನೆ, ಯಾಕೆಂದರೆ ಈ ಪ್ರಶ್ನೆ ಬಂದೇ ಬರುತ್ತದೆ. ನಮ್ಮ ಮನೆಯಲ್ಲಿ ಅನ್ನಭಾಗ್ಯದ ಅಕ್ಕಿ ಉಳಿಯುತ್ತದೆ, ಕಡಿಮೆ ಬೆಲೆಗೆ ತೆಗೆದುಕೊಳ್ಳಿ ಅಂತ ಜನ ಬರುತ್ತಾರೆ. ಪಡಿತರ ಅಕ್ಕಿ ಕೊಳ್ಳುವುದು, ಮಾರುವುದು ಎರಡೂ ಅಪರಾಧ. ಸಂಘದ ದಾಸ್ತಾನು ಕೋಣೆಯಲ್ಲಿ ಅಂಥ ಮೂಟೆ ಸಿಕ್ಕಿದರೆ ಪದಾಧಿಕಾರಿಗಳು ಉತ್ತರ ಹೇಳಬೇಕಾಗುತ್ತದೆ. ದಿನಸಿಯನ್ನು ಬಂಡೀಪಾಳ್ಯದ ಎಪಿಎಂಸಿಯಲ್ಲಿ ಸಗಟಾಗಿ ತಂದು ಬಿಲ್ಲು ಇಟ್ಟುಕೊಳ್ಳಿ.

ಕೊನೆಯದು ಬೀಗ. 2018ರ ಡಿಸೆಂಬರ್‌ನಲ್ಲಿ ನಿಮ್ಮ ಪಕ್ಕದ ಚಾಮರಾಜನಗರ ಜಿಲ್ಲೆಯ ಸುಳ್ವಾಡಿಯಲ್ಲಿ ಪ್ರಸಾದದಲ್ಲಿ ಕೀಟನಾಶಕ ಸೇರಿ ಹದಿನೈದಕ್ಕೂ ಜಾಸ್ತಿ ಜನ ಪ್ರಾಣ ಕಳೆದುಕೊಂಡರು. ಒಟ್ಟು ಅಡುಗೆ ನಡೆಸುವವರು ಅದನ್ನು ಮರೆಯಬಾರದು. ಒಲೆ ಹಚ್ಚಿದಾಗಿನಿಂದ ಬಡಿಸುವ ತನಕ ಅಡುಗೆಕೋಣೆಯಲ್ಲಿ ಸರದಿಯವರು ಬಿಟ್ಟು ಬೇರೆ ಯಾರೂ ಇರಕೂಡದು, ಕೋಣೆ ಖಾಲಿ ಬಿಡಕೂಡದು. ಫಿನಾಯಿಲ್, ಇಲಿ ಪಾಷಾಣ, ಸೊಳ್ಳೆ ಔಷಧಿ ಆ ಕೋಣೆಯಲ್ಲೇ ಇರಕೂಡದು. ಎಲ್ಲರಿಗಿಂತ ಮೊದಲು ಅವತ್ತಿನ ಅಡುಗೆಯವರು ಉಣ್ಣಲಿ, ಬಿಸಿಯೂಟದಲ್ಲಿ ಶಿಕ್ಷಕರು ಮೊದಲು ರುಚಿ ನೋಡುವ ಹಾಗೆ.


ಹೆಬ್ಬಾಳದ ಹುಡುಗ, ಮೈಸೂರು:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಪಾತ್ರೆ ತೊಳೆಯುವ ವಿಷಯ ನಮ್ಮ ಯಾರ ತಲೆಗೂ ಬಂದಿರಲಿಲ್ಲ.

ಇನ್ನೆರಡು ಪ್ರಶ್ನೆ ಇದೆ, ಸ್ವಲ್ಪ ಕಷ್ಟದ್ದು. ನಿನ್ನೆ ಸಭೆಯಲ್ಲಿ ಹಿರಿಯರೊಬ್ಬರು "ಅಡುಗೆ ಯಾರು ಮಾಡುತ್ತಾರೆ ಅಂತ ಮೊದಲು ಹೇಳಿ, ಆಮೇಲೆ ಸೇರುತ್ತೇವೆ" ಅಂದರು. ಏನು ಕೇಳುತ್ತಿದ್ದಾರೆ ಅಂತ ಕೂತಿದ್ದ ಎಲ್ಲರಿಗೂ ಅರ್ಥ ಆಯಿತು. ನಮ್ಮ ಸಂಘದಲ್ಲಿ ಎಲ್ಲ ಜಾತಿಯ ಹುಡುಗರೂ ಇದ್ದಾರೆ. ಆ ಮಾತು ಬಂದಾಗ ಇಬ್ಬರು ತಲೆ ತಗ್ಗಿಸಿ ಕೂತರು, ನನಗೆ ನಿದ್ದೆ ಬಂದಿಲ್ಲ. ಎರಡನೆಯದು ಮೊಟ್ಟೆ, ಮಾಂಸ. ಹುಡುಗರು ಕೇಳುತ್ತಿದ್ದಾರೆ, ಸಸ್ಯಾಹಾರಿಗಳು ಒಂದೇ ಪಾತ್ರೆ ಆದರೆ ಬರುವುದಿಲ್ಲ ಅನ್ನುತ್ತಿದ್ದಾರೆ.


ಯುವತಿ ಮಂಡಲದವಳು, ಉಡುಪಿ ಜಿಲ್ಲೆ:

ಮೊದಲನೆಯದಕ್ಕೆ ಉತ್ತರ ಒಂದೇ. ಸರದಿ ಪಟ್ಟಿ ಅಕ್ಷರಮಾಲೆ ಪ್ರಕಾರ ಇರಲಿ, ಯಾರ ಸರದಿ ಬಂದರೆ ಅವರು ಅಡುಗೆ ಮಾಡುತ್ತಾರೆ, ಅಷ್ಟೆ. ಇದಕ್ಕೆ ಮತದಾನ ಬೇಡ, ಚರ್ಚೆಯೂ ಬೇಡ. ಬೇಕಾದವರು ಬರುತ್ತಾರೆ. ನಮ್ಮ ಕರಾವಳಿಯಲ್ಲಿ ಜಾತಿ ನೋಡಿ ಬೇರೆ ಸಾಲಿನಲ್ಲಿ ಕೂರಿಸಿ ಬಡಿಸುವ ಪಂಕ್ತಿಭೇದದ ಬಗ್ಗೆ ಎಷ್ಟು ಜಗಳ, ಎಷ್ಟು ಹೋರಾಟ ಆಗಿದೆ ಅಂತ ಪತ್ರಿಕೆ ಓದುವವರಿಗೆಲ್ಲ ಗೊತ್ತು. ಬಿಸಿಯೂಟದ ಅಡುಗೆಯವರು ದಲಿತರು ಅಂತ ಮಕ್ಕಳನ್ನು ಊಟಕ್ಕೆ ಕಳಿಸದ ಸುದ್ದಿಗಳನ್ನೂ ಓದಿದ್ದೇವೆ. ಒಬ್ಬರಿಗೋಸ್ಕರ ಒಂದು ಹೆಸರನ್ನು ಪಟ್ಟಿಯಿಂದ ಕೆಳಗೆ ಸರಿಸಿದಿರಿ ಅಂದುಕೊಳ್ಳಿ, ಆವತ್ತೇ ನಿಮ್ಮದು ಒಟ್ಟು ಅಡುಗೆಮನೆ ಆಗಿ ಉಳಿಯುವುದಿಲ್ಲ. ಹಿರಿಯರು ಬರದಿದ್ದರೆ ಮೂವತ್ತೊಂಬತ್ತು ತಟ್ಟೆ ಹಾಕಿ. ತಲೆ ತಗ್ಗಿಸಿ ಕೂತ ಆ ಇಬ್ಬರ ಹತ್ತಿರ ನೀವೇ ಹೋಗಿ ಮಾತಾಡಿ, ಇವತ್ತೇ.

ಮೊಟ್ಟೆಗೆ ನಮ್ಮ ರಾಜ್ಯದ ಶಾಲೆಗಳಲ್ಲಿ ಈಗಾಗಲೇ ದಾರಿ ಕಂಡುಕೊಂಡಿದ್ದಾರೆ. ತಿನ್ನುವ ಮಕ್ಕಳಿಗೆ ಮೊಟ್ಟೆ, ತಿನ್ನದವರಿಗೆ ಬಾಳೆಹಣ್ಣು. ನೀವೂ ಹಾಗೇ ಮಾಡಿ. ಅನ್ನ, ಮುದ್ದೆ, ಸಾರು, ಪಲ್ಯ ಎಲ್ಲರಿಗೂ ಒಂದೇ. ಮೊಟ್ಟೆಗೆ ಬೇರೆ ಪಾತ್ರೆ, ಬೇರೆ ಸೌಟು, ಅದರ ದುಡ್ಡು ತಿನ್ನುವವರ ಲೆಕ್ಕಕ್ಕೆ. ಮೀನು, ಕೋಳಿ ವಾರಕ್ಕೊಂದು ದಿನ ಇಟ್ಟುಕೊಳ್ಳಿ, ಅದಕ್ಕೂ ಇದೇ ಪದ್ಧತಿ. ಆದರೆ ಕೂರುವ ಸಾಲು ಒಂದೇ ಇರಬೇಕು. ಸಸ್ಯಾಹಾರಿಗಳಿಗೆ ಆ ಕಡೆ, ಮಾಂಸಾಹಾರಿಗಳಿಗೆ ಈ ಕಡೆ ಅಂತ ಚಾಪೆ ಹಾಕಿದರೆ ಅದು ನಾಲ್ಕೇ ದಿನದಲ್ಲಿ ಬೇರೆ ರೂಪ ತೆಗೆದುಕೊಳ್ಳುತ್ತದೆ.

ಈಗ ನೀವು ಯಾರೂ ಕೇಳದ ಮಾತು. ಇಡೀ ಚರ್ಚೆಯಲ್ಲಿ ಹುಡುಗರು, ಹುಡುಗರು ಅಂತಲೇ ಇದೆ. ಪಿಜಿಗಳಲ್ಲಿ, ಬಾಡಿಗೆ ರೂಮುಗಳಲ್ಲಿ ಇರುವ ಹೆಣ್ಣುಮಕ್ಕಳು ರಾತ್ರಿ ಏನು ಉಣ್ಣುತ್ತಾರೆ ಅಂತ ಯಾರಾದರೂ ವಿಚಾರಿಸಿದ್ದೀರಾ? ಗಾಡಿ ಹತ್ತಿರ ಹತ್ತು ಗಂಟೆಗೆ ನಿಂತು ತಿನ್ನುವ ಅನುಕೂಲವೂ ಅವರಿಗಿಲ್ಲ. ಅವರನ್ನು ಕರೆಯಿರಿ. ಕರೆಯುವಾಗ ಅಡುಗೆಗೆ ಅಂತ ಕರೆಯಬೇಡಿ, ಊಟಕ್ಕೆ ಅಂತ ಕರೆಯಿರಿ, ಸಮಿತಿಯಲ್ಲೂ ಜಾಗ ಕೊಡಿ. ಸಂಘ ಯುವಕರದ್ದು, ಪಾತ್ರೆ ಮಾತ್ರ ಯುವತಿಯರದ್ದು ಅನ್ನುವ ಹಾಗೆ ಆಗುವುದನ್ನು ನಾನು ಬೇಕಾದಷ್ಟು ಕಂಡಿದ್ದೇನೆ. ಆ ಸರದಿ ಪಟ್ಟಿ ನೋಡಿದಾಗ ತೊಳೆಯುವ ಸಾಲಿನಲ್ಲಿ ಬರೀ ಹೆಣ್ಣುಮಕ್ಕಳ ಹೆಸರು ಕಂಡರೆ ಅವತ್ತೇ ಹರಿದು ಹೊಸದು ಬರೆಯಿರಿ. ಗೇಟಿನ ಹತ್ತಿರ ಒಳ್ಳೆಯ ದೀಪ ಹಾಕಿಸಿ, ಹೆಣ್ಣುಮಕ್ಕಳು ಒಂಬತ್ತರೊಳಗೆ ಊಟ ಮುಗಿಸಿ ಹೊರಡುವ ಹಾಗೆ ಹೊತ್ತು ಇಡಿ.

ದಿನಸಿಗೆ ನಮ್ಮ ಕಡೆಯ ಒಂದು ಪದ್ಧತಿ ಹೇಳುತ್ತೇನೆ. ದೇವಸ್ಥಾನದ ಬ್ರಹ್ಮಕಲಶೋತ್ಸವ, ಜಾತ್ರೆ ಅಂದರೆ ಊರಿಗೆ ಊರೇ ಹೊರೆಕಾಣಿಕೆ ತರುತ್ತದೆ: ಅಕ್ಕಿ, ತೆಂಗಿನಕಾಯಿ, ಬೆಲ್ಲ, ಸೌತೆ, ಕುಂಬಳಕಾಯಿ, ಬಾಳೆಲೆ. ಮೆರವಣಿಗೆಯಲ್ಲಿ ಬಂದ ಅಷ್ಟೂ ಸಾಮಾನನ್ನು ಉಗ್ರಾಣದಲ್ಲಿ ಬರೆದುಕೊಂಡು ಒಳಗಿಡುತ್ತಾರೆ. ಸಾವಿರಾರು ಜನರ ಊಟ ಅದರಲ್ಲೇ ಆಗುತ್ತದೆ. ನಿಮ್ಮ ಹುಡುಗರು ಹಳ್ಳಿಗಳಿಂದ ಬಂದವರು ಅಂದಿರಿ. ಊರಿಗೆ ಹೋದಾಗ ರಾಗಿ, ಹುರುಳಿ, ಅವರೆಕಾಯಿ, ಕಾಯಿ ತರುತ್ತಾರೆ ಅಲ್ವಾ? ತಂದದ್ದನ್ನು ಅವತ್ತಿನ ಪೇಟೆ ಬೆಲೆಗೆ ಹಿಡಿದು ಅವರ ಪಾಲಿನಲ್ಲಿ ಕಳೆಯಿರಿ. ಅವರ ಮನೆಯ ರಾಗಿ ಎಲ್ಲರೂ ಉಂಡ ಹಾಗಾಯಿತು, ಕೈಯಿಂದ ನಗದು ಹೋಗುವುದೂ ಕಡಿಮೆ.


ಖಾನಾವಳಿ ಊಟದವನು, ಧಾರವಾಡ:

ನನ್ನದು ಸ್ವಲ್ಪ ಬೇರೆ ಅಭಿಪ್ರಾಯ. ಮೊದಲ ದಿನದಿಂದಲೇ ವಾರಪೂರ್ತಿ ಬೇಡ. ವಾರಕ್ಕೆ ಮೂರು ದಿನ ಮಾಡಿ ನೋಡಿ, ಎರಡು ತಿಂಗಳು ನಡೆದರೆ ಆಮೇಲೆ ಹೆಚ್ಚಿಸಿ. ಹುರುಪಿನಲ್ಲಿ ಶುರುವಾದ ಸಂಘದ ಕೆಲಸಗಳು ಯಾವಾಗ ಸುಸ್ತಾಗುತ್ತವೆ ಅಂತ ಎಲ್ಲರಿಗೂ ಗೊತ್ತೇ ಇದೆ.

ನಮ್ಮ ಹುಬ್ಬಳ್ಳಿ-ಧಾರವಾಡದಲ್ಲಿ ಓದಲು ಬಂದ ಹುಡುಗರೆಲ್ಲ ಖಾನಾವಳಿ ಮೇಲೆ ಬದುಕಿದವರೇ. ತಿಂಗಳ ಚೀಟಿ, ಊಟ ಮಾಡಿದಾಗೊಮ್ಮೆ ಒಂದು ಗುರುತು, ಅತಿಥಿ ಬಂದರೆ ಬೇರೆ ದರ. ಆ ಅತಿಥಿ ನಿಯಮ ನೀವೂ ಇಡಿ, ಇಲ್ಲವಾದರೆ ಒಬ್ಬೊಬ್ಬರು ಇಬ್ಬರನ್ನು ಕರೆತಂದು ಕೊನೆಗೆ ಬಂದವರಿಗೆ ಸಾರು ಇರುವುದಿಲ್ಲ. ಇನ್ನೊಂದು ವಿಷಯ ಖಾನಾವಳಿಗಳಿಂದ ಕಲಿಯಬಹುದು. ರೊಟ್ಟಿಯನ್ನು ಎಷ್ಟೋ ಕಡೆ ಅಲ್ಲೇ ಬಡಿಯುವುದಿಲ್ಲ, ಮನೆಯಲ್ಲಿ ರೊಟ್ಟಿ ಮಾಡುವ ತಾಯಂದಿರ ಹತ್ತಿರ ತರಿಸುತ್ತಾರೆ. ನಿಮ್ಮಲ್ಲೂ ಚಪಾತಿಯ ದಿನ ಬೀದಿಯ ಯಾರಾದರೂ ಅಕ್ಕನಿಗೆ ಆ ಕೆಲಸ ದುಡ್ಡು ಕೊಟ್ಟು ಒಪ್ಪಿಸಿ. ನಲವತ್ತು ಜನಕ್ಕೆ ಚಪಾತಿ ಲಟ್ಟಿಸಿ ಬೇಯಿಸುವ ಹೊತ್ತಿಗೆ ಸರದಿಯವರ ಬೆನ್ನು ಬಿದ್ದುಹೋಗುತ್ತದೆ.

ದುಡ್ಡು ಕೊಡಲಾಗದವರ ಬಗ್ಗೆ ಯಾರೂ ಮಾತಾಡಲಿಲ್ಲ. ಇಂದಿರಾ ಕ್ಯಾಂಟೀನ್ ಇದೆ ನಿಜ, 2017ರಲ್ಲಿ ಶುರುವಾದಾಗ ಊಟಕ್ಕೆ 10 ರೂಪಾಯಿ, ತಿಂಡಿಗೆ 5 ರೂಪಾಯಿ. ಆದರೆ ಎಲ್ಲ ಬಡಾವಣೆಯಲ್ಲೂ ಇಲ್ಲ, ಮೊಣಕಾಲು ನೋವಿನ ಅಜ್ಜಿ ಅಲ್ಲಿಯ ತನಕ ನಡೆಯುವುದೂ ಇಲ್ಲ. ಹಿಂದೆ ಬಡ ವಿದ್ಯಾರ್ಥಿಗಳಿಗೆ ವಾರಾನ್ನ ಇತ್ತು, ಸೋಮವಾರ ಒಂದು ಮನೆ, ಮಂಗಳವಾರ ಇನ್ನೊಂದು ಮನೆ. ಆ ಕಾಲದಲ್ಲಿ ಹಾಗೆ ಓದಿದವರು ಎಷ್ಟು ಸಂಕೋಚ ಪಟ್ಟು ಉಂಡಿದ್ದೇವೆ ಅಂತ ಹೇಳುವುದನ್ನು ಕೇಳಿದ್ದೇನೆ. ಆ ಸಂಕೋಚ ನಿಮ್ಮ ಸಂಘದಲ್ಲಿ ಯಾರಿಗೂ ಆಗಬಾರದು. ಹುಟ್ಟುಹಬ್ಬಕ್ಕೆ, ಹಿರಿಯರ ನೆನಪಿಗೆ ಅಂತ ಬರುವ ದೇಣಿಗೆಯನ್ನು ಒಂದು ನಿಧಿ ಮಾಡಿ, ಕೊಡಲಾಗದವರ ಪಾಲು ಅದರಿಂದ ತುಂಬಿ. ಯಾರ ಪಾಲು ಹಾಗೆ ತುಂಬಿದ್ದು ಅಂತ ಖಜಾಂಚಿ ಒಬ್ಬರಿಗೇ ಗೊತ್ತಿರಲಿ. ಗೋಡೆಗೆ ಹಾಕುವ ಹಾಳೆಯಲ್ಲಿ ಎಲ್ಲರ ಪಾಲೂ ಸಂದಾಯ ಅಂತ ಇರಲಿ.

ಚುನಾವಣೆ ಹತ್ತಿರ ಬಂದಾಗ ಅಕ್ಕಿ ಮೂಟೆ ಕಳಿಸುವವರು, ಜೊತೆಗೆ ಫ್ಲೆಕ್ಸ್ ಕಳಿಸುವವರು ಬರುತ್ತಾರೆ. ರಸೀದಿ ಹರಿದು ಕೊಟ್ಟು ಸಾಮಾನ್ಯ ದೇಣಿಗೆ ಅಂತ ತೆಗೆದುಕೊಳ್ಳುವುದಾದರೆ ತೆಗೆದುಕೊಳ್ಳಿ. ಊಟದ ಕೋಣೆಯಲ್ಲಿ ಯಾರ ಫೋಟೋವೂ ಬೇಡ ಅಂತ ಈಗಲೇ ಠರಾವು ಮಾಡಿ. ಒಬ್ಬರದ್ದು ಹಾಕಿದರೆ ಇನ್ನೊಂದು ಪಕ್ಷದ ಹುಡುಗರು ಊಟ ಬಿಡುತ್ತಾರೆ.


ಹೆಬ್ಬಾಳದ ಹುಡುಗ, ಮೈಸೂರು:

ಅಕ್ಕ ಹೇಳಿದ ಹಾಗೆ ಆ ಇಬ್ಬರ ಹತ್ತಿರ ಹೋಗಿ ಮಾತಾಡಿದೆ. ಮೊದಲ ವಾರದ ಅಡುಗೆ ಸರದಿ ತಾವೇ ತೆಗೆದುಕೊಳ್ಳುತ್ತೇವೆ ಅಂದರು. ಅಕ್ಷರಮಾಲೆ ಪ್ರಕಾರವೂ ಅವರಲ್ಲಿ ಒಬ್ಬನ ಹೆಸರೇ ಮೊದಲು ಬರುತ್ತದೆ. ಪಿಜಿಯಲ್ಲಿರುವ ಹೆಣ್ಣುಮಕ್ಕಳನ್ನು ವಿಚಾರಿಸಿದೆವು, ಒಂಬತ್ತು ಜನ ಹೆಸರು ಕೊಟ್ಟರು, ಅದರಲ್ಲಿ ಇಬ್ಬರು ಸಮಿತಿಗೆ ಬರುತ್ತಾರೆ, ಒಬ್ಬರು ಲೆಕ್ಕ ನೋಡಿಕೊಳ್ಳಲು ಒಪ್ಪಿದ್ದಾರೆ. ಸೋಮ, ಬುಧ, ಶುಕ್ರ ಮೂರು ದಿನ ಅಂತ ತೀರ್ಮಾನ ಆಗಿದೆ. 19 ಕೆಜಿ ಸಿಲಿಂಡರಿಗೆ ಅರ್ಜಿ ಹಾಕಿದ್ದೇವೆ.

ಹಾಸನದ ಅಣ್ಣನಿಗೆ ಒಂದು ಪ್ರಶ್ನೆ. ಎರಡನೇ ಪಾಳಿಯವರು ಬರುವಾಗ ಹತ್ತೂವರೆ, ಹನ್ನೊಂದು ಆಗುತ್ತದೆ. ಉಳಿದವರ ಊಟ ಎಂಟೂವರೆಗೆ. ಅವರಿಗೆ ಅನ್ನ ಎತ್ತಿಡುವುದು ಬೇಡ ಅಂದರೆ ಏನು ಮಾಡಬೇಕು?


ಅಡುಗೆ ಕೆಲಸದವನು, ಹಾಸನ:

ಎಷ್ಟು ಜನ ಅವರು? ಹತ್ತರ ಒಳಗಿದ್ದರೆ ಅವರ ಪಾಲಿನ ಅಕ್ಕಿ ತೊಳೆದು ಇಡಬೇಡಿ, ಬರೀ ಅಳೆದು ಡಬ್ಬಿಯಲ್ಲಿಡಿ. ಹತ್ತು ಗಂಟೆಗೆ ಸರದಿಯವರಲ್ಲಿ ಒಬ್ಬರು ದೊಡ್ಡ ಕುಕ್ಕರಿನಲ್ಲಿ ಇಟ್ಟರೆ ಅವರು ಕೈಕಾಲು ತೊಳೆದು ಬರುವ ಹೊತ್ತಿಗೆ ಬಿಸಿ ಅನ್ನ ಸಿದ್ಧ. ಸಾರಿನಲ್ಲಿ ಅವರ ಪಾಲನ್ನು ಎಂಟೂವರೆಗೇ ಬೇರೆ ಪಾತ್ರೆಗೆ ತೆಗೆದು ಸಣ್ಣ ಉರಿ ಮೇಲೆ ಬಿಸಿಯಾಗಿಯೇ ಇಡಿ, ಬಡಿಸುವ ಮೊದಲು ಗಳಗಳ ಕುದಿಸಿ. ತಳ ಹಿಡಿಯದ ಹಾಗೆ ಆಗಾಗ ಕೈಯಾಡಿಸಬೇಕು, ನೀರು ಇಂಗಿದರೆ ಬಿಸಿನೀರು ಸೇರಿಸಿ, ತಣ್ಣೀರು ಬೇಡ. ಪಲ್ಯಕ್ಕೆ ಕಾಯಿತುರಿ ಹಾಕುವ ಮೊದಲೇ ಅವರ ಪಾಲು ತೆಗೆದಿಡಿ, ಕಾಯಿ ಹಾಕಿದ್ದು ಬೇಗ ಹಳಸುತ್ತದೆ. ಅದನ್ನೂ ಅವರು ಬಂದ ಮೇಲೆ ಬಾಣಲೆಯಲ್ಲಿ ಚೆನ್ನಾಗಿ ಹೊಗೆಯಾಡುವಷ್ಟು ಬಿಸಿ ಮಾಡಿ ಆಮೇಲೆ ಕಾಯಿ ಉದುರಿಸಿ. ಮುದ್ದೆ ಬೇಕು ಅಂದರೆ ಹತ್ತು ಜನಕ್ಕೆ ಒಂದು ಕೆಜಿ ಹಿಟ್ಟು, ಇಪ್ಪತ್ತು ನಿಮಿಷದ ಕೆಲಸ. ಅವರಲ್ಲೇ ಯಾರಾದರೂ ಕೋಲು ಹಿಡಿಯಲಿ. ಆ ಪಾತ್ರೆಗಳನ್ನು ಅವರೇ ತೊಳೆದು ಬೋರಲು ಹಾಕಿ, ಸಿಲಿಂಡರ್ ವಾಲ್ವ್ ಮುಚ್ಚಿ, ಬೀಗ ಹಾಕಿ ಹೋಗಲಿ ಅಂತ ಸರದಿ ಪಟ್ಟಿಯಲ್ಲೇ ಬರೆದುಬಿಡಿ.